ಗೋಕಾಕ ಸೀಮೆಯಿಂದ ಕಡಲಿಗೆ: ಪ್ರಶಾಂತ ತೀರಗಳ ಹಾಗೂ ವಿಹಾರದ ಹಾದಿಗಳ ಒಂದು ಚಾರಿತ್ರಿಕ ವಿವೇಚನೆ

ಬಿಡುವಿನ ದಿನಗಳಲ್ಲಿ ಮನುಷ್ಯನು ನೀರಿನ ನೆರೆಯನ್ನು ಅರಸಿಕೊಂಡು ಹೋಗುವುದು ಹೊಸ ಸಂಗತಿಯೇನೂ ಅಲ್ಲ. ಆದರೆ ಯಾವ ನೀರಿಗೆ, ಯಾವ ಹಾದಿಯಿಂದ, ಯಾವ ಋತುವಿನಲ್ಲಿ, ಏತಕ್ಕಾಗಿ ಹೋಗಬೇಕೆಂಬುದು ಕಾಲದಿಂದ ಕಾಲಕ್ಕೆ ಬದಲಾಗುತ್ತ ಬಂದಿದೆ. ಬದಲಾವಣೆಯಿದ್ದಲ್ಲಿ ಚರಿತ್ರೆಯಿರುತ್ತದೆ. ರಾಜರ ದಂಡಯಾತ್ರೆಗಳನ್ನೂ ವ್ಯಾಪಾರಿಗಳ ಸಾರ್ಥಗಳನ್ನೂ ಬರೆದಿಟ್ಟ ನಮ್ಮ ಚರಿತ್ರಕಾರರು ಜನಸಾಮಾನ್ಯರ ವಿಹಾರವನ್ನು ಅಭ್ಯಾಸಕ್ಕೆ ತಕ್ಕ ವಿಷಯವೆಂದು ಎಣಿಸಿದ್ದು ಕಡಿಮೆ. ಪ್ರಸ್ತುತ ಲೇಖನವು ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ಎಂಬ ಮೂರು ತಾಲೂಕುಗಳನ್ನು ನೆಲೆಯಾಗಿಟ್ಟುಕೊಂಡು, ಕಡಲಿಲ್ಲದ ಈ ಒಳನಾಡಿನ ಜನಕ್ಕೂ ಪಡುವಣ ಕಡಲಿಗೂ ಇದ್ದ ಸಂಬಂಧವನ್ನು ವಿವೇಚಿಸುವ ಒಂದು ಕಿರುಯತ್ನವಾಗಿದೆ.

ಇಲ್ಲಿ ಪ್ರತಿಪಾದಿಸಬೇಕೆಂದಿರುವ ಮಾತು ಇಷ್ಟೇ. ಇಂದು ಪ್ರವಾಸಿಗರು ಹುಡುಕಿಕೊಂಡು ಹೋಗುವ ನಿಶ್ಶಬ್ದ ಕಡಲತೀರಗಳು ಸೃಷ್ಟಿಯಲ್ಲಿಯೇ ನಿಶ್ಶಬ್ದವಾಗಿದ್ದವುಗಳಲ್ಲ. ಅವುಗಳಲ್ಲಿ ಹಲವು ಒಮ್ಮೆ ಗದ್ದಲದ ಬಂದರುಗಳಾಗಿದ್ದವು. ಒಂದು ರೈಲುಮಾರ್ಗವು ಅವುಗಳ ವ್ಯಾಪಾರವನ್ನು ಕಸಿದುಕೊಂಡಿತು. ಉಳಿದ ಮೌನವನ್ನು ನಾವೀಗ ಪ್ರಕೃತಿಯ ಕೊಡುಗೆಯೆಂದು ಭಾವಿಸುತ್ತೇವೆ. ಈ ಮಾತು ಒಪ್ಪಿಗೆಯಾದರೆ, ಆ ಮೌನವನ್ನು ಕಾಯುವ ಹೊಣೆಯ ವಿಚಾರವೂ ಬೇರೆಯ ಬೆಳಕಿನಲ್ಲಿ ಕಾಣತೊಡಗುತ್ತದೆ.

೧. ನದಿಗಳ ಹುಟ್ಟು ಮತ್ತು ಕಡಲಿನ ನೆರೆ

ಮೊದಲು ಭೂರಚನೆಯನ್ನು ನೋಡಬೇಕು. ಈ ಸೀಮೆಯ ಜೀವನಾಡಿಯಾದ ಘಟಪ್ರಭೆಯು ರಾಮಘಾಟದ ಬಳಿ ಸಹ್ಯಾದ್ರಿಯಲ್ಲಿ ಹುಟ್ಟಿ ಪೂರ್ವಾಭಿಮುಖವಾಗಿ ಹರಿದು ಕೃಷ್ಣೆಯನ್ನು ಸೇರುತ್ತದೆ. ಹುಕ್ಕೇರಿ ತಾಲೂಕಿನ ಸಂಕೇಶ್ವರದ ಮಗ್ಗುಲಲ್ಲಿ ಹರಿಯುವ ಹಿರಣ್ಯಕೇಶಿಯ ಉಗಮವಿರುವುದು ಅಂಬೋಲಿಯಲ್ಲಿ. ಅಂಬೋಲಿಯು ಘಟ್ಟದ ಅಂಚು. ಅಲ್ಲಿಂದ ಇಳಿದರೆ ಸಾವಂತವಾಡಿ, ಅದರಾಚೆಗೆ ವೆಂಗುರ್ಲೆಯ ಕಡಲು. ಹಿರಣ್ಯಕೇಶಿಯು ಧೂಪದಾಳದ ಮೇಲ್ಗಡೆಯಲ್ಲಿ ಘಟಪ್ರಭೆಯನ್ನು ಕೂಡಿಕೊಳ್ಳುವುದರಿಂದ, ಗೋಕಾಕದ ಜಲಪಾತದಲ್ಲಿ ಧುಮುಕುವ ನೀರಿನಲ್ಲಿ ಅಂಬೋಲಿಯ ಮಳೆಯ ಪಾಲೂ ಇದೆ.

ಇದು ಕೇವಲ ಭೂಗೋಲದ ವಿವರವಲ್ಲ. ಅಂಬೋಲಿಯಲ್ಲಿ ವರ್ಷಕ್ಕೆ ೭೦೦೦ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುತ್ತದೆ. ಗೋಕಾಕ ಮೂಡಲಗಿಗಳ ಎರೆಬಯಲಿನಲ್ಲಿ ಅದರ ಹತ್ತನೆಯ ಒಂದು ಪಾಲೂ ಬೀಳುವುದಿಲ್ಲ. ಆದರೂ ಬಯಲಿನ ರೈತನು ಮುಗಿಲು ನೋಡುತ್ತ ನಿಂತಿರುವ ಆಷಾಢದಲ್ಲಿಯೇ ಅವನೂರಿನ ಹೊಳೆಯು ಕೆಂಪಾಗಿ ತುಂಬಿ ಬರುತ್ತದೆ. ಆ ನೀರು ಕಡಲಿನಿಂದ ಎದ್ದ ಮೋಡಗಳು ಘಟ್ಟಕ್ಕೆ ತಾಗಿ ಸುರಿಸಿದ ನೀರು. ಕಡಲನ್ನು ಕಾಣದ ಒಳನಾಡಿಗೆ ಕಡಲು ತಾನೇ ವರ್ಷಕ್ಕೊಮ್ಮೆ ಬಂದು ಹೋಗುತ್ತಿತ್ತೆಂದು ಹೇಳಿದರೆ ಅತಿಶಯೋಕ್ತಿಯಾಗದು. ಅಂತೆಯೇ, ಕಡಲಿಗೆ ಹೊರಟ ಹುಕ್ಕೇರಿಯವನು ಬಹುಮಟ್ಟಿಗೆ ತನ್ನ ಊರಿನ ಹೊಳೆಯ ಜಾಡನ್ನೇ ಹಿಡಿದು, ಸಂಕೇಶ್ವರ, ಗಡಹಿಂಗ್ಲಜ, ಆಜರೆ ಎಂಬ ಊರುಗಳನ್ನು ದಾಟುತ್ತ ಅದರ ತವರಿನವರೆಗೆ ಏರಿ, ಅನಂತರ ಇಳಿಯುತ್ತಿದ್ದನು. ಸಂಕೇಶ್ವರದಿಂದ ಸಾವಂತವಾಡಿಗೆ ಈ ಹಾದಿಯ ಉದ್ದ ಸುಮಾರು ನೂರು ಕಿಲೊಮೀಟರು. ಇಂದಿನ ಹೆದ್ದಾರಿಯೂ ಈ ಜಾಡಿನಲ್ಲಿಯೇ ಸಾಗಿದೆ.

೨. ಉಪ್ಪು, ತೀರ್ಥ ಮತ್ತು ಆಟ

ಘಟ್ಟದ ಮೇಲಿನ ನಾಡೂ ಕೆಳಗಿನ ತೀರವೂ ಬೇರೆ ಬೇರೆ ಲೋಕಗಳೆಂಬ ಭಾವನೆಯು ಮಧ್ಯಯುಗದಲ್ಲಿ ಇರಲಿಲ್ಲ. ಗೋವೆಯ ಕದಂಬರು ಒಂದು ಕೈಯಲ್ಲಿ ಹಲಸಿಯನ್ನೂ ಇನ್ನೊಂದು ಕೈಯಲ್ಲಿ ಗೋಪಕಪಟ್ಟಣವೆಂಬ ಬಂದರವನ್ನೂ ಹಿಡಿದು ಆಳಿದರು. ಅವರ ನೆರೆಯಲ್ಲಿದ್ದ ಸವದತ್ತಿಯ ರಟ್ಟರ ಶಾಸನಗಳು ಗೋಕಾಕದ ಬಳಿಯ ಕೊಣ್ಣೂರಿನಲ್ಲಿ ದೊರೆತಿವೆ. ಘಟ್ಟದ ಕಣಿವೆಗಳಲ್ಲಿ ಎತ್ತಿನ ಮೇಲೆ ಹೇರು ಹೊತ್ತು ನಡೆದ ಲಮಾಣಿಗರು ಈ ಎರಡು ಸೀಮೆಗಳನ್ನು ಹೊಲಿದ ಸೂಜಿಯಂತಿದ್ದರು. ಮೇಲಿನಿಂದ ಕಾಳುಕಡಿ ಇಳಿಯಿತು. ಕೆಳಗಿನಿಂದ ಉಪ್ಪು, ತೆಂಗು ಏರಿ ಬಂದವು. ಗೋಕಾಕದ ಅಡುಗೆಮನೆಗೆ ಕಡಲು ಮೊದಲು ಬಂದದ್ದು ಉಪ್ಪಿನ ರೂಪದಲ್ಲಿ.

ಸಾಮಾನ್ಯ ಗೃಹಸ್ಥನು ಕಡಲಿಗೆ ಹೋಗುತ್ತಿದ್ದುದು ತೀರ್ಥಯಾತ್ರೆಗಾಗಿ. ಗೋಕರ್ಣದಲ್ಲಿ ಸಮುದ್ರಸ್ನಾನ ಮಾಡಿ ಮಹಾಬಲೇಶ್ವರನ ದರ್ಶನ ಪಡೆಯುವುದು ಜೀವಮಾನದಲ್ಲಿ ಒಮ್ಮೆ ಕೈಗೂಡುವ ಪುಣ್ಯವಾಗಿತ್ತು. ಸಮುದ್ರವನ್ನು ಪರ್ವಕಾಲದಲ್ಲಿ ಮಾತ್ರ ಮುಟ್ಟಬೇಕೆಂಬ ಶಾಸ್ತ್ರದ ಕಟ್ಟಳೆಯೂ ಇದ್ದಿತು. ಕಡಲು ಪೂಜ್ಯ, ಕಡಲು ಭೀಕರ. ಅದರ ದಂಡೆಯ ಮೇಲೆ ಸುಮ್ಮನೆ ಅಡ್ಡಾಡುವುದೆಂಬ ಕಲ್ಪನೆಗೆ ಅಲ್ಲಿ ಎಡೆಯಿರಲಿಲ್ಲ.

ಹಾಗೆಂದು ಈ ಜನಕ್ಕೆ ವಿಹಾರವೇ ಗೊತ್ತಿರಲಿಲ್ಲವೆಂದು ತಿಳಿಯಲಾಗದು. ಎಳ್ಳಮಾವಾಸ್ಯೆಯ ದಿನ ಬುತ್ತಿ ಕಟ್ಟಿಕೊಂಡು, ಬಂಡಿ ಹೂಡಿಕೊಂಡು ಹೊಲಕ್ಕೆ ಹೋಗಿ, ಚರಗ ಚೆಲ್ಲಿ, ಬಂಧುಬಳಗದೊಡನೆ ಮರದ ನೆರಳಿನಲ್ಲಿ ಕುಳಿತು ಉಣ್ಣುವ ಪದ್ಧತಿಯು ವಿಹಾರವಲ್ಲದೆ ಮತ್ತೇನು? ಅದು ಭೂಮಿಗೆ ಸಲ್ಲಿಸುವ ಪೂಜೆಯೂ ಹೌದು, ದುಡಿದ ಮೈಗೆ ದೊರೆಯುವ ಬಿಡುವೂ ಹೌದು. ಮೂಡಲಗಿಗೆ ಸಮೀಪದ ಕುಲಗೋಡದ ತಮ್ಮಣ್ಣನು ರೂಪು ಕೊಟ್ಟು ಹಬ್ಬಿಸಿದ ಶ್ರೀಕೃಷ್ಣ ಪಾರಿಜಾತದ ಆಟವನ್ನು ನೆನೆದರೆ ಇನ್ನೊಂದು ಸಂಗತಿ ಹೊಳೆಯುತ್ತದೆ. ಆ ಆಟ ನಡೆಯುವ ದ್ವಾರಕೆಯು ಕಡಲ ನಡುವಿನ ಪಟ್ಟಣ. ಅಲೆಯ ಸಪ್ಪಳವನ್ನು ಕಿವಿಯಾರೆ ಕೇಳದ ಬಯಲುಸೀಮೆಯ ಪ್ರೇಕ್ಷಕರು ರಾತ್ರಿಯಿಡೀ ಕುಳಿತು ಕಡಲೂರಿನ ಕಥೆಯನ್ನು ನೋಡುತ್ತಿದ್ದರು. ಅವರ ಕಡಲು ಹೀಗೆ ಪುರಾಣದಲ್ಲಿತ್ತು, ಉಪ್ಪಿನಲ್ಲಿತ್ತು, ಯಾತ್ರೆಯಲ್ಲಿತ್ತು. ವಿಹಾರದಲ್ಲಿ ಮಾತ್ರ ಇನ್ನೂ ಇರಲಿಲ್ಲ.

೩. ಬಂಡಿಯ ದಾರಿ ಮತ್ತು ಹತ್ತಿಯ ಬಂದರುಗಳು

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಸ್ಥಿತಿಯು ಪಲ್ಲಟಗೊಂಡಿತು. ಡಚ್ಚರು ಹಿಂದೆ ಕೋಠಿಯನ್ನು ನಡೆಸಿದ್ದ ವೆಂಗುರ್ಲೆಯು ೧೮೧೨ರಲ್ಲಿ ಆಂಗ್ಲರ ಕೈಸೇರಿತು. ಬೆಳಗಾವಿಯ ದಂಡಿನ ಠಾಣ್ಯಕ್ಕೂ ಮುಂಬಯಿಗೂ ನಡುವಣ ಸಂಪರ್ಕಕ್ಕೆ ಈ ಬಂದರವೇ ಬಾಗಿಲಾಯಿತು. ಆರಂಭದಲ್ಲಿ ರಾಮಘಾಟದ ಕಡಿದಾದ ಹಾದಿಯು ಬಳಕೆಯಲ್ಲಿದ್ದಿತು. ೧೮೬೦ರ ದಶಕದ ಕೊನೆಯಲ್ಲಿ ಪಾರಪೋಲಿ ಅಥವಾ ಅಂಬೋಲಿ ಘಾಟದ ಹೊಸ ದಾರಿಯಾದ ಮೇಲೆ ಹೇರಿನ ಎತ್ತುಗಳ ಸ್ಥಾನವನ್ನು ಬಂಡಿಗಳು ಆಕ್ರಮಿಸಿದವು. ಅಂಬೋಲಿಯು ಅಧಿಕಾರಿಗಳ ಬೇಸಗೆಯ ತಂಗುದಾಣವಾಗಿ ಬೆಳೆದದ್ದೂ ಈ ದಾರಿಯ ದೆಸೆಯಿಂದಲೇ.

ಇದೇ ಕಾಲಕ್ಕೆ ದಕ್ಷಿಣದಲ್ಲಿಯೂ ಇಂಥದೇ ಚಟುವಟಿಕೆ ನಡೆದಿತ್ತು. ಅಮೇರಿಕದ ಅಂತರ್ಯುದ್ಧದ ಕಾಲದಲ್ಲಿ, ಎಂದರೆ ೧೮೬೧ರಿಂದ ೧೮೬೫ರ ವರೆಗೆ, ಅಲ್ಲಿಯ ಹತ್ತಿಯು ಬಾರದೆ ಇಂಗ್ಲೆಂಡಿನ ಗಿರಣಿಗಳು ಕಂಗೆಟ್ಟವು. ಧಾರವಾಡ ಸೀಮೆಯ ಹತ್ತಿಗೆ ಎಲ್ಲಿಲ್ಲದ ಬೆಲೆ ಬಂದಿತು. ಅದು ಕುಮಟೆಯ ಬಂದರದಿಂದ ಹಡಗು ಏರುತ್ತಿದ್ದ ಕಾರಣ ಪೇಟೆಯಲ್ಲಿ ‘ಕುಮಟಾ ಹತ್ತಿ’ ಎಂದೇ ಹೆಸರಾಯಿತು; ಬೆಳೆದ ನೆಲದ ಹೆಸರು ಅಳಿದು ಸಾಗಿದ ತೀರದ ಹೆಸರು ಉಳಿಯಿತು. ಉತ್ತರ ಕನ್ನಡವನ್ನು ೧೮೬೨ರಲ್ಲಿ ಮದ್ರಾಸ ಇಲಾಖೆಯಿಂದ ಬೇರ್ಪಡಿಸಿ ಮುಂಬಯಿ ಇಲಾಖೆಗೆ ಕೂಡಿಸಿದ್ದರ ಹಿಂದೆ ಕಾರವಾರದಲ್ಲಿ ದೊಡ್ಡ ಬಂದರವನ್ನು ಕಟ್ಟಬೇಕೆಂಬ ಹತ್ತಿಯ ವ್ಯಾಪಾರಿಗಳ ಒತ್ತಾಯವೂ ಇದ್ದಿತು.

ಈ ವರ್ಷಗಳ ವೆಂಗುರ್ಲೆ, ಕುಮಟೆ, ಕಾರವಾರಗಳನ್ನು ಕಣ್ಣಮುಂದೆ ತಂದುಕೊಳ್ಳಬೇಕು. ಸಾಲುಗಟ್ಟಿ ನಿಂತ ಬಂಡಿಗಳು, ಹತ್ತಿಯ ಅಂಡಿಗೆಗಳು, ದಲಾಲರ ಕೂಗು, ಸುಂಕದ ಕಟ್ಟೆ, ದೂರದಲ್ಲಿ ಲಂಗರು ಹಾಕಿದ ಆಗಬೋಟುಗಳು, ಅವುಗಳಿಗೆ ಸರಕನ್ನು ಸಾಗಿಸುವ ದೋಣಿಗಳು: ಇದೇ ಅಂದಿನ ಕಡಲತೀರ. ಶಾಂತಿಯನ್ನು ಅರಸುವವನು ಹೋಗುವ ಸ್ಥಳ ಅದಾಗಿರಲಿಲ್ಲ.

೪. ೧೮೮೮: ಮೌನದ ಹುಟ್ಟು

ಗೋವೆಯ ಮರ್ಮಗೋವೆಯಿಂದ ಘಟ್ಟವನ್ನೇರಿ ಕ್ಯಾಸಲ್‌ರಾಕ್‌ಗೆ ಬರುವ ರೈಲುಮಾರ್ಗವು ೧೮೮೮ರಲ್ಲಿ ಪೂರ್ಣವಾಗಿ ತೆರೆಯಿತು. ಮೇಲ್ನಾಡಿನಲ್ಲಿ ಸದರ್ನ್ ಮರಾಠಾ ರೈಲ್ವೆಯು ಅದಕ್ಕೆ ಜೋಡಣೆಯಾಯಿತು. ಹುಬ್ಬಳ್ಳಿ, ಧಾರವಾಡ, ಬೆಳಗಾವಿಗಳ ಸರಕು ಬಂಡಿಯನ್ನು ಬಿಟ್ಟು ಉಗಿಬಂಡಿಯನ್ನು ಏರಿತು. ವಾರಗಟ್ಟಲೆ ಹಿಡಿಯುತ್ತಿದ್ದ ಘಟ್ಟದ ಪಯಣವು ತಾಸುಗಳಲ್ಲಿ ಮುಗಿಯತೊಡಗಿದ ಮೇಲೆ, ಎತ್ತಿನ ಬೆನ್ನನ್ನೂ ಕಣಿವೆಯ ಹಾದಿಯನ್ನೂ ನಂಬಿಕೊಂಡ ಬಂದರುಗಳ ಗತಿಯೇನು? ಕುಮಟೆಯ ಹತ್ತಿಯ ವ್ಯಾಪಾರವು ಕುಸಿಯಿತು. ಕಾರವಾರದ ಮಹಾಬಂದರದ ಕನಸು ಹಿಂದೆ ಬಿದ್ದಿತು. ವೆಂಗುರ್ಲೆಯ ಬಂಡಿಗಳ ಸಾಲು ಕರಗಿತು. ಇಪ್ಪತ್ತನೆಯ ಶತಮಾನದ ಆರಂಭದ ಸರಕಾರಿ ಗ್ಯಾಝೆಟಿಯರುಗಳು ಈ ಬಂದರುಗಳನ್ನು ಕುರಿತು ಬರೆಯುವಾಗ ರೈಲು ಬಂದಂದಿನಿಂದ ವ್ಯಾಪಾರ ತಗ್ಗಿತೆಂಬ ಮಾತನ್ನು ಮತ್ತೆ ಮತ್ತೆ ಆಡುತ್ತವೆ.

ಈ ಪರಿವರ್ತನೆಗೆ ಕೆಲವೇ ವರ್ಷಗಳ ಮೊದಲು, ಇಪ್ಪತ್ತೆರಡರ ಆಸುಪಾಸಿನ ತರುಣ ರವೀಂದ್ರನಾಥ ಠಾಕೂರರು ಕಾರವಾರಕ್ಕೆ ಬಂದು ಕೆಲಕಾಲ ತಂಗಿದ್ದರು. ಅವರ ಅಣ್ಣನವರಾದ ಸತ್ಯೇಂದ್ರನಾಥರು ಅಲ್ಲಿಯ ಜಿಲ್ಲಾ ನ್ಯಾಯಾಧೀಶರಾಗಿದ್ದರು. ೧೯೧೨ರಲ್ಲಿ ಪ್ರಕಟವಾದ ತಮ್ಮ ‘ಜೀವನಸ್ಮೃತಿ’ಯಲ್ಲಿ ಕವಿಗಳು ಆ ಅರ್ಧಚಂದ್ರಾಕಾರದ ತೀರವನ್ನೂ, ಕಾಳಿನದಿಯಲ್ಲಿ ದೋಣಿಯೇರಿ ಹೋದುದನ್ನೂ, ಬೆಳದಿಂಗಳಲ್ಲಿ ಮರಳಿನ ಮೇಲೆ ನಡೆದು ಮನೆಗೆ ಮರಳಿದುದನ್ನೂ ನೆನೆದಿದ್ದಾರೆ. ‘ಪ್ರಕೃತಿರ್ ಪ್ರತಿಶೋಧ’ವೆಂಬ ನಾಟಕವು ಅಲ್ಲಿಯೇ ರೂಪುಗೊಂಡಿತು. ನಮ್ಮ ತೀರದಲ್ಲಿ ಪುಣ್ಯಕ್ಕಾಗಿಯೂ ಅಲ್ಲದೆ ಲಾಭಕ್ಕಾಗಿಯೂ ಅಲ್ಲದೆ, ಕೇವಲ ಮನಸ್ಸಿನ ನೆಮ್ಮದಿಗಾಗಿ ಮರಳಿನ ಮೇಲೆ ನಡೆದವರ ತೊಡಕಿಲ್ಲದ ದಾಖಲೆಗಳಲ್ಲಿ ಇದು ಹಳೆಯದು. ಅದನ್ನು ಬರೆದವರು ಅಧಿಕಾರಿಯ ಮನೆಗೆ ಬಂದ ಹೊರನಾಡಿನ ಅತಿಥಿ ಎಂಬುದೂ ಗಮನಾರ್ಹವಾಗಿದೆ. ವಿಹಾರವೆಂಬುದು ಮೊದಲು ಬಿಡುವುಳ್ಳವರ ಸೊತ್ತಾಗಿತ್ತು.

ತೀರದವರೇ ಆದ ಮೀನುಗಾರರಿಗಾದರೋ ಮರಳು ದುಡಿಮೆಯ ಅಂಗಳವಾಗಿತ್ತು. ಹತ್ತಾರು ಜನ ಸಾಲಾಗಿ ನಿಂತು ದಡದಿಂದಲೇ ಎಳೆಯುವ ರಂಪಣಿ ಬಲೆಗೆ ಉದ್ದನೆಯ, ಅಡೆತಡೆಯಿಲ್ಲದ ಮರಳಿನ ಹರಹು ಬೇಕು. ೧೯೭೦ರ ದಶಕದ ಕೊನೆಯಲ್ಲಿ ಯಂತ್ರದೋಣಿಗಳ ಪರ್ಸೀನ್ ಬಲೆಗಳು ಬಂದ ಮೇಲೆ ರಂಪಣಿಯು ಬಹುಮಟ್ಟಿಗೆ ಮರೆಯಾಯಿತು. ಹೀಗೆ ಕಡಲತೀರವು ಎರಡು ಸಲ ಬರಿದಾಗಿದೆ: ಮೊದಲು ಬಂಡಿಗಳು ಹೋದವು, ಅನಂತರ ಬಲೆಗಳು ಹೋದವು. ಇಂದಿನ ಪ್ರವಾಸಿಯು ‘ಯಾರೂ ಇಲ್ಲದ ಚೆಲುವಾದ ತೀರ’ವೆಂದು ಹಿಗ್ಗುವಾಗ, ಅಲ್ಲಿ ಇದ್ದವರು ಎಲ್ಲಿಗೆ ಹೋದರೆಂಬ ಪ್ರಶ್ನೆಯನ್ನು ಚರಿತ್ರೆಯ ವಿದ್ಯಾರ್ಥಿಯಾದರೂ ಕೇಳಬೇಕು.

೫. ಜಲಪಾತದ ಪಂಚಾಂಗ

ತೀರವನ್ನು ಬರಿದು ಮಾಡಿದ ರೈಲುಯುಗವೇ ಗೋಕಾಕದ ಜಲಪಾತಕ್ಕೆ ಜನರನ್ನು ತಂದಿತೆಂಬುದು ಸ್ವಾರಸ್ಯದ ಸಂಗತಿ. ಘಟಪ್ರಭೆಯು ಇಲ್ಲಿ ಸುಮಾರು ೫೨ ಮೀಟರು ಆಳಕ್ಕೆ, ಕುದುರೆಯ ಲಾಳದ ಆಕಾರದ ಬಂಡೆಯಂಚಿನಿಂದ ಧುಮುಕುತ್ತದೆ. ದಡದಲ್ಲಿರುವ ಚಾಲುಕ್ಯ ಶೈಲಿಯ ಮಹಾಲಿಂಗೇಶ್ವರನ ಗುಡಿಯು ಈ ಸ್ಥಳಕ್ಕಿದ್ದ ಪ್ರಾಚೀನ ಮಹತ್ವವನ್ನು ಸಾರುತ್ತದೆ. ೧೮೮೫ರಲ್ಲಿ ಸ್ಥಾಪನೆಗೊಂಡ ನೂಲಿನ ಗಿರಣಿಯು ಬೀಳುವ ನೀರಿನ ಬಲವನ್ನು ದುಡಿಮೆಗೆ ಹಚ್ಚಿತು. ೧೮೮೭ರಲ್ಲಿಯೇ ಇಲ್ಲಿ ವಿದ್ಯುತ್ತನ್ನು ಉತ್ಪಾದಿಸಲಾಯಿತೆಂದು ಸರಕಾರಿ ಹೊತ್ತಿಗೆಗಳು ಹೇಳುತ್ತವೆ. ಸುಮಾರು ೨೦೦ ಮೀಟರು ಉದ್ದದ ತೂಗುಸೇತುವೆಯೊಂದು ಹೊಳೆಯ ಎರಡು ದಡಗಳನ್ನು ಕೂಡಿಸಿತು. ಗೋಕಾಕ ರೋಡ್ ಎಂಬ ನಿಲ್ದಾಣವು ಸಮೀಪದಲ್ಲಿಯೇ ಆದುದರಿಂದ ಬೆಳಗಾವಿ, ಮಿರಜ ಮೊದಲಾದ ಊರುಗಳ ಜನಕ್ಕೆ ಒಂದೇ ದಿನದಲ್ಲಿ ಹೋಗಿಬರುವ ಸಹಲು ಸಾಧ್ಯವಾಯಿತು. ಗುಡಿ, ಗಿರಣಿ, ಸೇತುವೆ, ಧಬಧಬೆ ಇವು ನಾಲ್ಕೂ ಒಂದೆಡೆ ಸೇರಿದ ಇಂಥ ಸ್ಥಳಗಳು ಕರ್ನಾಟಕದಲ್ಲಿ ವಿರಳ. ಮನೆಗೆ ಮರಳುವಾಗ ಕರದಂಟಿನ ಪೊಟ್ಟಣವನ್ನೋ, ಗೋಕಾಕದ ಕಟ್ಟಿಗೆಯ ಆಟಿಗೆಗಳನ್ನೋ ಒಯ್ಯುವ ರೂಢಿಯೂ ಬೆಳೆಯಿತು.

ಘಟಪ್ರಭಾ ನಿಲ್ದಾಣದ ಬಳಿ ೧೯೨೯ರಲ್ಲಿ ಕರ್ನಾಟಕ ಆರೋಗ್ಯಧಾಮವು ತಲೆಯೆತ್ತಿತು. ಹಿಂದೂಸ್ತಾನಿ ಸೇವಾದಳದ ಡಾ. ನಾ. ಸು. ಹರ್ಡೀಕರರ ಹೆಸರು ಅದರೊಡನೆ ಬೆಸೆದುಕೊಂಡಿದೆ. ಒಳ್ಳೆಯ ಗಾಳಿ, ಹೊಳೆಯ ನೆರೆ, ರೈಲಿನ ಅನುಕೂಲ ಇವು ರೋಗಿಗಳಿಗೂ ಹಿತವೆಂಬ ತಿಳಿವಳಿಕೆಯು ಆಗ ಬೇರೂರಿತ್ತು. ಯೂರೋಪಿನಲ್ಲಿ ಹದಿನೆಂಟನೆಯ ಶತಮಾನದ ವೈದ್ಯರು ಸಮುದ್ರಸ್ನಾನವನ್ನು ಔಷಧವೆಂದು ವಿಧಿಸಿದ್ದರಿಂದಲೇ ಅಲ್ಲಿಯ ಕಡಲೂರುಗಳು ವಿಹಾರಸ್ಥಾನಗಳಾದವು. ನಮ್ಮಲ್ಲಿಯೂ ತೀರ್ಥದಿಂದ ಆರೋಗ್ಯಕ್ಕೆ, ಆರೋಗ್ಯದಿಂದ ವಿಹಾರಕ್ಕೆ ಸಾಗಿದ ಇಂಥದೇ ನಡೆಯನ್ನು ಘಟಪ್ರಭೆಯ ದಂಡೆಯಲ್ಲಿ ಗುರುತಿಸಬಹುದು.

ಇಲ್ಲಿ ಋತುಮಾನದ ವಿಚಾರವು ಮುಖ್ಯವಾದುದು. ಜಲಪಾತವು ಮೈದುಂಬುವುದು ಜೂನದ ಕೊನೆಯಿಂದ ಸಪ್ಟಂಬರದ ವರೆಗೆ. ಅದೇ ಕಾಲದಲ್ಲಿ ಪಡುವಣ ಕಡಲು ಕೆರಳಿರುತ್ತದೆ. ಹಿಂದೆ ಬಂದರುಗಳೂ ಆ ತಿಂಗಳುಗಳಲ್ಲಿ ಮುಚ್ಚಿರುತ್ತಿದ್ದವು. ಬೇಸಗೆಯಲ್ಲಿ ಜಲಪಾತವು ಬರಿಯ ಬಂಡೆಯಾಗಿ ಉಳಿದಾಗ ಕಡಲು ಶಾಂತವಾಗಿರುತ್ತದೆ. ಎಂದರೆ ಇವೆರಡೂ ಒಂದೇ ಮಳೆಯ ಎರಡು ಮುಖಗಳಾಗಿದ್ದು, ಒಂದು ಕರೆಯುವಾಗ ಇನ್ನೊಂದು ಬೇಡವೆನ್ನುತ್ತದೆ. ಇವುಗಳ ನಡುವಣ ತಿಂಗಳುಗಳನ್ನು ತುಂಬುವ ಸ್ಥಳಗಳೂ ಈ ಸೀಮೆಯಲ್ಲಿವೆ. ಮಾರ್ಕಂಡೇಯ ನದಿಯು ಎರಡು ಹಂತಗಳಲ್ಲಿ ಇಳಿಯುವ ಗೊಡಚಿನಮಲ್ಕಿಯ ಕಣಿವೆಯ ಕಾಲುದಾರಿಯು ಮಳೆ ಹಿಂದೆಗೆದ ಮೇಲೆ ನಡೆಯಲು ಹಿತವಾದುದು. ಧೂಪದಾಳದ ಒಡ್ಡಿನ ಹಿನ್ನೀರು ೧೯೭೪ರಲ್ಲಿ ಪಕ್ಷಿಧಾಮವೆಂದು ಘೋಷಿತವಾಯಿತು. ಚಳಿಗಾಲದಲ್ಲಿ ದೂರದೇಶದ ಕೊಕ್ಕರೆಗಳೂ ಕ್ರೌಂಚಗಳೂ ಅಲ್ಲಿಗೆ ಬರುತ್ತವೆ. ಹಿಡಕಲ್ಲಿನ ಅಣೆಕಟ್ಟಿನಿಂದ ಮುಳುಗಿದ ಹುನ್ನೂರಿನ ವಿಠ್ಠಲನ ಗುಡಿಯು ಬೇಸಗೆಯಲ್ಲಿ ನೀರು ಇಳಿದಾಗ ಮತ್ತೆ ತಲೆಯೆತ್ತಿ ನಿಲ್ಲುತ್ತದೆ. ಮೂಡಲಗಿಯ ಕಡೆಯವರಿಗಂತೂ ಘಟಪ್ರಭೆಯ ಎಡದಂಡೆಯ ಕಾಲುವೆಯ ಏರಿಯೇ ಸಂಜೆಯ ಸಂಚಾರದ ದಾರಿ. ಪ್ರಶಾಂತವಾದ ನೀರಿನ ನೆರೆಗಾಗಿ ಈ ಸೀಮೆಯವರು ಯಾವಾಗಲೂ ಕಡಲಿಗೇ ಹೋಗಬೇಕಾಗಿಲ್ಲ.

ಆದರೂ ಹೊಳೆಯನ್ನು ಬರಿಯ ಚೆಲುವಿನ ವಸ್ತುವೆಂದು ಕಾಣುವುದು ತಪ್ಪಾದೀತು. ೨೦೧೯ರ ಆಗಸ್ಟದಲ್ಲಿ ಇದೇ ಘಟಪ್ರಭೆ ಮಾರ್ಕಂಡೇಯಗಳು ಉಕ್ಕಿ ಗೋಕಾಕ ಪಟ್ಟಣದ ತಗ್ಗಿನ ಓಣಿಗಳನ್ನು ಮುಳುಗಿಸಿದವು. ಲೋಳಸೂರಿನ ಸೇತುವೆಯ ಮೇಲೆ ನೀರು ಹರಿಯಿತು. ಜಲಪಾತವನ್ನು ನೋಡಬಂದವನಿಗೆ ಹಬ್ಬವಾದ ಪ್ರವಾಹವು ದಂಡೆಯ ರೈತನಿಗೆ ಆಪತ್ತು.

೬. ಗಡಿಗಳು ಬದಲಾದಾಗ ಕಡಲೂ ಬದಲಾಯಿತು

ಒಳನಾಡಿನವರು ಕಡಲಿಗೆ ನಡೆದ ಇನ್ನೊಂದು ಬಗೆಯನ್ನೂ ಇಲ್ಲಿ ಹೇಳಬೇಕು. ೧೯೩೦ರ ಏಪ್ರಿಲದಲ್ಲಿ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹವು ನಡೆದಾಗ ಘಟ್ಟದ ಮೇಲಿನ ಜಿಲ್ಲೆಗಳ ಸ್ವಯಂಸೇವಕರೂ ಅಲ್ಲಿಗೆ ಧಾವಿಸಿದರು. ಹಿಂದೆ ಲಮಾಣಿಗರ ಎತ್ತಿನ ಮೇಲೆ ಬರುತ್ತಿದ್ದ ಉಪ್ಪನ್ನು ತಾವೇ ಕೈಯಾರೆ ತೆಗೆಯಲು ಬಯಲುಸೀಮೆಯ ತರುಣರು ಕಡಲಿಗಿಳಿದರು. ಸಮುದ್ರವನ್ನು ಅವರಲ್ಲಿ ಅನೇಕರು ಮೊದಲ ಸಲ ಕಂಡದ್ದು ಆ ಹೋರಾಟದಲ್ಲಿಯೇ ಇದ್ದೀತು. ಕನ್ನಡ ಕಾವ್ಯದಲ್ಲಿ ಸಮುದ್ರವನ್ನು ಪ್ರಧಾನ ವಸ್ತುವಾಗಿಸಿದ ‘ಸಮುದ್ರಗೀತಗಳು’ ೧೯೪೦ರಲ್ಲಿ ಹೊರಬಂದಿತು. ಅದರ ಕರ್ತೃಗಳಾದ ವಿನಾಯಕ ಕೃಷ್ಣ ಗೋಕಾಕರು ಹುಟ್ಟಿದ್ದು ಸವಣೂರಿನಲ್ಲಿ. ಮನೆತನದ ಹೆಸರು ಈ ಜಲಪಾತದ ಊರಿನದು. ಅವರಿಗೆ ಕಡಲು ಒಲಿದದ್ದು ಆಕ್ಸಫರ್ಡಿನ ವ್ಯಾಸಂಗಕ್ಕಾಗಿ ಕೈಕೊಂಡ ಹಡಗಿನ ಪಯಣದಲ್ಲಿ. ಒಳನಾಡಿನ ಕನ್ನಡಿಗನ ಕಡಲು ಎಷ್ಟು ಬಗೆಯದೆಂಬುದಕ್ಕೆ ಇವೆರಡೂ ನಿದರ್ಶನಗಳಾಗಿವೆ.

ಅನಂತರ ರಾಜಕೀಯ ಗಡಿಗಳು ಹಾದಿಗಳನ್ನು ತಿದ್ದಿದವು. ೧೯೫೫ರಲ್ಲಿ ಪೋರ್ತುಗೀಜರ ಗೋವೆಯೊಡನೆ ರೈಲಿನ ಸಂಚಾರವು ನಿಂತಿತು. ೧೯೬೧ರ ದಶಂಬರದಲ್ಲಿ ಗೋವೆಯು ವಿಮೋಚನೆಗೊಳ್ಳುವ ವರೆಗೆ ಬೆಳಗಾವಿಗೆ ಅತಿ ಸಮೀಪದ ಕಡಲು ಮುಚ್ಚಿದ ಬಾಗಿಲಾಗಿತ್ತು. ೧೯೫೬ರ ನವಂಬರ ೧ರಂದು ಬೆಳಗಾವಿ, ಧಾರವಾಡ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯದಲ್ಲಿ ಸೇರಿದವು. ಅಂಬೋಲಿ, ಸಾವಂತವಾಡಿ, ವೆಂಗುರ್ಲೆಗಳು ಆಚೆಯ ರಾಜ್ಯದಲ್ಲಿ ಉಳಿದವು. ೧೯೮೧ರಿಂದ ಅವು ಮಹಾರಾಷ್ಟ್ರದ ಸಿಂಧುದುರ್ಗ ಜಿಲ್ಲೆಗೆ ಸೇರಿವೆ. ನದಿಯ ಜಾಡು ಹಿಡಿದರೆ ಹುಕ್ಕೇರಿಯ ಕಡಲು ವೆಂಗುರ್ಲೆ; ರಾಜ್ಯದ ನಕಾಶೆ ಹಿಡಿದರೆ ಕಾರವಾರ. ಶಾಲೆಯ ಸಹಲುಗಳು ಕಾರವಾರ, ಗೋಕರ್ಣ, ಮುರುಡೇಶ್ವರಗಳತ್ತ ಹೊರಳಿದ್ದಕ್ಕೆ ಈ ನಕಾಶೆಯೂ ಒಂದು ಕಾರಣವೆನ್ನಬೇಕು. ಹಾಗಾದರೂ ಹಳೆಯ ಹಾದಿ ಅಳಿದಿಲ್ಲ. ಮಳೆಗಾಲದಲ್ಲಿ ಅಂಬೋಲಿಗೂ ಚಳಿಗಾಲದಲ್ಲಿ ಮಾಲವಣ, ವೆಂಗುರ್ಲೆಗಳಿಗೂ ಈ ಸೀಮೆಯಿಂದ ಜನ ಇಂದಿಗೂ ಹೋಗುತ್ತಾರೆ.

೭. ಮೌನವನ್ನು ಕಾಯುವವರು ಯಾರು?

ಮೇಲೆ ಹೇಳಿದಂತೆ, ೧೮೮೮ರ ರೈಲು ತೀರಕ್ಕೆ ಮೌನವನ್ನು ತಂದಿತು. ೧೯೯೮ರಲ್ಲಿ ಪೂರ್ಣಗೊಂಡ ಕೊಂಕಣ ರೈಲುಮಾರ್ಗವು ಆ ಮೌನವನ್ನು ಹಿಂದಕ್ಕೆ ಪಡೆಯತೊಡಗಿತು. ಗೋಕರ್ಣದ ಕುಡ್ಲೆ, ಓಂ ಎಂಬ ಕೊಲ್ಲಿಗಳು, ಅವುಗಳನ್ನು ಕೂಡಿಸುವ ಗು಴್ಡದ ಕಾಲುದಾರಿಗಳು ಒಮ್ಮೆ ಊರವರಿಗೂ ಕೆಲವೇ ಯಾತ್ರಿಕರಿಗೂ ತಿಳಿದಿದ್ದವು. ಇಂದು ಅವು ದೇಶವಿದೇಶಗಳ ಪ್ರವಾಸಿಗಳಿಗೆ ಪರಿಚಿತವಾಗಿವೆ. ಇತ್ತ ಕಾರವಾರದ ದಕ್ಷಿಣದ ಕೊಲ್ಲಿಗಳಲ್ಲಿ ಸೀಬರ್ಡ್ ನೌಕಾನೆಲೆಗೆ ೧೯೮೬ರಲ್ಲಿ ಅಡಿಗಲ್ಲು ಬಿದ್ದು, ೨೦೦೫ರಲ್ಲಿ ಅದು ಕಾರ್ಯಾರಂಭ ಮಾಡಿತು. ದೇಶರಕ್ಷಣೆಯ ಆ ಅಗತ್ಯಕ್ಕಾಗಿ ಕಡಲಂಚಿನ ಅನೇಕ ಹಳ್ಳಿಗಳ ಸಾವಿರಾರು ಕುಟುಂಬಗಳು ನೆಲೆ ಬಿಟ್ಟವು. ಅಲ್ಲಿಯ ಮರಳು ಇಂದು ನಿಶ್ಶಬ್ದವಾಗಿದೆ. ಆದರೆ ಅದರ ಮೇಲೆ ನಡೆಯುವ ಹಕ್ಕು ಸಾರ್ವಜನಿಕರಿಗಿಲ್ಲ.

ಹೀಗೆ ನಿಶ್ಶಬ್ದತೆಯಲ್ಲಿಯೂ ಬಗೆಗಳಿವೆ. ವ್ಯಾಪಾರ ಹೋದುದರಿಂದ ಬಂದ ಮೌನವೊಂದು, ಜನರನ್ನು ಎಬ್ಬಿಸಿದುದರಿಂದ ಬಂದ ಮೌನ ಮತ್ತೊಂದು, ಕಾನೂನಿನಿಂದ ಕಾಯ್ದ ಮೌನ ಮೂರನೆಯದು. ೧೯೯೧ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆಯು ಭರತದ ಗೆರೆಯಿಂದ ೫೦೦ ಮೀಟರಿನ ಒಳಗಿನ ಕಟ್ಟಡ ಕೆಲಸಗಳನ್ನು ಕಟ್ಟುಪಾಡಿಗೆ ಒಳಪಡಿಸಿತು; ಅದರ ನಿಯಮಗಳು ಮುಂದೆ ಹಲವು ಸಲ ತಿದ್ದುಪಡಿಗೊಂಡಿವೆ. ಹೊನ್ನಾವರದ ಬಳಿಯ ಕಾಸರಕೋಡದ ತೀರಕ್ಕೆ ೨೦೨೦ರಲ್ಲಿ ಶುಚಿತ್ವ ಹಾಗೂ ಸುರಕ್ಷತೆಗಳ ಗುರುತಾದ ನೀಲಧ್ವಜದ ಮನ್ನಣೆಯು ದೊರೆಯಿತು. ಮೂರನೆಯ ಬಗೆಯ ಮೌನವೊಂದೇ ಎಲ್ಲರಿಗೂ ತೆರೆದದ್ದು. ಅದಕ್ಕೇ ಅದು ಎಚ್ಚರದ ಕಾವಲನ್ನು ಬೇಡುತ್ತದೆ.

ಅಧ್ಯಾಪಕರಾದ ನಮಗೆ ಇನ್ನೂ ಹತ್ತಿರದ ಒಂದು ಸಂಗತಿಯಿದೆ. ೨೦೧೭ರ ಏಪ್ರಿಲದಲ್ಲಿ ಬೆಳಗಾವಿಯ ಕಾಲೇಜೊಂದರ ತಂಡದ ೮ ಜನರು ಮಾಲವಣದ ಬಳಿಯ ಕಡಲಲ್ಲಿ ಮುಳುಗಿ ತೀರಿಕೊಂಡರು. ೨೦೨೪ರ ದಶಂಬರದಲ್ಲಿ ಕೋಲಾರ ಜಿಲ್ಲೆಯಿಂದ ಶಾಲಾ ಪ್ರವಾಸಕ್ಕೆಂದು ಮುರುಡೇಶ್ವರಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಅಲೆಗಳಿಗೆ ಬಲಿಯಾದರು. ಎರಡು ಪ್ರಸಂಗಗಳಲ್ಲಿಯೂ ಮಡಿದವರು ಒಳನಾಡಿನಿಂದ ಹೋದವರು. ಹೊಳೆಯಲ್ಲಿ ಈಸುವವನಿಗೆ ನೀರು ಒಂದೇ ದಿಕ್ಕಿಗೆ ಹರಿಯುತ್ತದೆಂಬ ಅನುಭವವಿರುತ್ತದೆ. ಕಡಲಾದರೋ ದಡಕ್ಕೆ ಬಂದು ಮತ್ತೆ ಒಳಕ್ಕೆ ಸೆಳೆಯುತ್ತದೆ. ಅಲೆ ಕಡಿಮೆಯಾಗಿ ಶಾಂತವೆಂದು ಕಾಣುವ ಕಡೆಯಲ್ಲಿಯೇ ಸೆಳೆತ ಬಲವಾಗಿರುವುದುಂಟು. ಭರತ ಇಳಿತಗಳ ವೇಳೆ ತೀರದ ಕೂಸಿಗೂ ಗೊತ್ತು. ಬಯಲುಸೀಮೆಯ ಪದವೀಧರನಿಗೆ ಗೊತ್ತಿಲ್ಲ. ಪರ್ವದ ಹೊರತು ಸಮುದ್ರವನ್ನು ಮುಟ್ಟಬಾರದೆಂದ ಹಿರಿಯರ ಕಟ್ಟಳೆಯನ್ನು ಇಂದು ಯಾರೂ ಪಾಲಿಸಬೇಕಾಗಿಲ್ಲ. ಆದರೆ ಆ ಕಟ್ಟಳೆಯಲ್ಲಿ ಅಡಗಿದ್ದ ಭಯಭಕ್ತಿಯ ಎಡೆಯಲ್ಲಿ ತಿಳಿವಳಿಕೆಯನ್ನು ತಂದಿಡದೆ, ಭಯವನ್ನಷ್ಟೇ ಕಿತ್ತೆಸೆದದ್ದು ನಮ್ಮ ಕಾಲದ ಕೊರತೆ.

೮. ಉಪಸಂಹಾರ

ಈವರೆಗಿನ ವಿವೇಚನೆಯಿಂದ ಮೂರು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಗೋಕಾಕ, ಮೂಡಲಗಿ, ಹುಕ್ಕೇರಿಗಳಂಥ ಒಳನಾಡಿನ ಸೀಮೆಗಳಿಗೂ ಕಡಲಿನ ಚರಿತ್ರೆಯುಂಟು. ಅದು ಉಪ್ಪಿನಲ್ಲಿ, ಹತ್ತಿಯಲ್ಲಿ, ಯಾತ್ರೆಯಲ್ಲಿ, ಹೋರಾಟದಲ್ಲಿ ಚದರಿಕೊಂಡಿದೆ. ಎರಡನೆಯದಾಗಿ, ವಿಹಾರದ ಸ್ಥಳಗಳು ಪ್ರಕೃತಿಯಿಂದ ಮಾತ್ರ ಆಗುವುದಿಲ್ಲ; ದಾರಿ, ರೈಲು, ಗಿರಣಿ, ಗಡಿ, ಕಾನೂನು ಇವುಗಳ ಕೈವಾಡದಿಂದ ಆಗುತ್ತವೆ. ಮೂರನೆಯದಾಗಿ, ಹೀಗೆ ಮನುಷ್ಯನಿಂದಾದ ಪ್ರಶಾಂತತೆಯು ಮನುಷ್ಯನಿಂದಲೇ ಅಳಿಯಲೂಬಲ್ಲುದು, ಉಳಿಯಲೂಬಲ್ಲುದು.

ಈ ಕ್ಷೇತ್ರದಲ್ಲಿ ಮಾಡಬೇಕಾದ ಕೆಲಸ ಬಹಳವಿದೆ. ಸಂಕೇಶ್ವರದಿಂದ ಅಂಬೋಲಿಯ ವರೆಗಿನ ಹಳೆಯ ಹಾದಿಯಲ್ಲಿ ಬಂಡಿಗಳು ಎಲ್ಲಿ ತಂಗುತ್ತಿದ್ದವು, ಯಾವ ಬಾವಿಯ ನೀರನ್ನು ಕುಡಿಯುತ್ತಿದ್ದವು, ಯಾವ ಊರಿನ ಸಂತೆಯಲ್ಲಿ ಉಪ್ಪು ಇಳಿಯುತ್ತಿತ್ತು ಎಂಬುದನ್ನು ದಂಡೆಯ ಹಳ್ಳಿಗಳ ವೃದ್ಧರ ಬಾಯಿಂದ ಸಂಗ್ರಹಿಸಲು ಇನ್ನೂ ಅವಕಾಶವಿದೆ. ಅಜ್ಜಂದಿರಿಂದ ಕೇಳಿದ ಮಾತನ್ನು ಹೇಳಬಲ್ಲವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ನಮ್ಮ ಕಾಲೇಜುಗಳ ವಿದ್ಯಾರ್ಥಿಗಳು ಮುಂದಿನ ಸಹಲಿಗೆ ಹೊರಟಾಗ ಬುತ್ತಿಯೊಡನೆ ಒಂದು ಟಿಪ್ಪಣಿಯ ಪುಸ್ತಕವನ್ನೂ ಒಯ್ಯಲಿ. ಮರಳಿಗೆ ಇಳಿಯುವ ಮೊದಲು ತೀರದ ಮೀನುಗಾರನನ್ನು ಕಂಡು ಭರತದ ವೇಳೆಯನ್ನು ಕೇಳಲಿ, ಜೊತೆಗೆ ಆ ತೀರದ ಹಳೆಯ ಸುದ್ದಿಯನ್ನೂ ಕೇಳಲಿ. ಮೊದಲನೆಯ ಪ್ರಶ್ನೆಯು ಅವರ ಜೀವವನ್ನು ಕಾಯುವುದು, ಎರಡನೆಯದು ಚರಿತ್ರೆಯನ್ನು.